ಕತ್ತಲಾಗಿದ್ದ ದ್ವೀಪದ ಎದುರು ನಾವಿಬ್ಬರು

2024ರ ಮಾರ್ಚ್ 11. ರಾತ್ರಿ ಎಂಟರ ಹತ್ತಿರ ಇರಬೇಕು. ಜಾವಾ ದ್ವೀಪದ ಪೂರ್ವದ ತುದಿಯಲ್ಲಿರುವ ಕೆಟಪಾಂಗ್ ಬಂದರಿನ ಗೇಟಿನ ಮುಂದೆ ನಾನೂ ನನ್ನ ಗಂಡನೂ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದೆವು. ಗೇಟು ಹಾಕಿತ್ತು. ರಸ್ತೆ ಬದಿಯಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು, ಡ್ರೈವರುಗಳು ಚಾಪೆ ಹಾಸಿಕೊಂಡು ಹರಟೆ ಹೊಡೆಯುತ್ತಿದ್ದರು, ಯಾರಿಗೂ ಅವಸರ ಇದ್ದ ಹಾಗೆ ಕಾಣಲಿಲ್ಲ. ಕಾವಲಿನವರು ನಮ್ಮನ್ನು ನೋಡಿ ಎರಡೂ ಅಂಗೈ ಸೇರಿಸಿ ಬಾಗಿಲು ಮುಚ್ಚಿದ ಹಾಗೆ ತೋರಿಸಿದರು. "ತುತುಪ್." ಮುಚ್ಚಿದೆ. ಆಮೇಲೆ "ಬೆಸೊಕ್" ಅಂದರು. ನಾಳೆ.

ಎದುರಿಗೆ ಬಾಲಿ ಇರಬೇಕಿತ್ತು. ಎರಡು ದ್ವೀಪಗಳ ನಡುವಿನ ನೀರು ತೀರಾ ಕಿರಿದಾಗುವ ಕಡೆ ಅಗಲ ಸುಮಾರು 2.5 ಕಿ.ಮೀ. ಅಷ್ಟೇ. ಹಗಲಾದರೆ ಆ ಕಡೆಯ ಗುಡ್ಡಗಳು ಚೆನ್ನಾಗಿ ಕಾಣುತ್ತವೆ. ಆ ರಾತ್ರಿ ಏನೂ ಕಾಣಲಿಲ್ಲ. ಹಿಂದಿನ ದಿನವಷ್ಟೇ ಅಮಾವಾಸ್ಯೆ, ಚಂದ್ರ ಇಲ್ಲ, ಅದು ಸರಿ. ಆದರೆ 40 ಲಕ್ಷಕ್ಕೂ ಹೆಚ್ಚು ಜನ ಇರುವ ದ್ವೀಪದಲ್ಲಿ ಒಂದು ದೀಪವೂ ಇಲ್ಲ ಅಂದರೆ? ನೀರಿನ ಆಚೆ ಬರೀ ಕಪ್ಪು.

"ರೀ, ಅಲ್ಲಿ ಏನೋ ಆಗಿದೆ" ಅಂದೆ. ನಿಜವಾಗಿಯೂ ಹೆದರಿದ್ದೆ.

ಏನೂ ಆಗಿರಲಿಲ್ಲ. ಅವತ್ತು ನ್ಯೆಪಿ. ಬಾಲಿಯ ಹಿಂದೂಗಳಿಗೆ ಶಕವರ್ಷ 1946ರ ಮೊದಲ ದಿನ. ಹೊಸ ವರ್ಷವನ್ನು ಅವರು ಸುಮ್ಮನಿದ್ದು ಬರಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಆರರಿಂದ ಮಾರನೇ ದಿನ ಬೆಳಿಗ್ಗೆ ಆರರವರೆಗೆ ಬೆಂಕಿ ಇಲ್ಲ ದೀಪ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮೋಜು ಇಲ್ಲ. ಮೊದಲನೆಯದಕ್ಕೆ ಅಮತಿ ಗೆನಿ ಅಂತ ಹೆಸರು, ಎರಡನೆಯದಕ್ಕೆ ಅಮತಿ ಕಾರ್ಯ. ಗೆನಿ ಅಂದರೆ ಅಗ್ನಿ. ವಿಮಾನ ನಿಲ್ದಾಣವನ್ನೇ 24 ಗಂಟೆ ಮುಚ್ಚುತ್ತಾರೆ, ಮೊಬೈಲ್ ಇಂಟರ್ನೆಟ್ ಕೂಡ ನಿಲ್ಲಿಸುತ್ತಾರೆ. ಪ್ರವಾಸಿಗರೂ ಹೋಟೆಲಿನಿಂದ ಹೊರಗೆ ಕಾಲಿಡುವ ಹಾಗಿಲ್ಲ. ಪೆಚಲಾಂಗ್ ಅಂತ ಕರೆಯುವ ಊರಿನ ಕಾವಲಿನವರು ಮಾತ್ರ ಬೀದಿಯಲ್ಲಿ ಓಡಾಡುತ್ತಿರುತ್ತಾರೆ. ಹಡಗುಗಳೂ ನಿಲ್ಲುತ್ತವೆ, ಅದಕ್ಕೇ ಆ ಗೇಟು ಹಾಕಿದ್ದು.

ನಾವು ತಾರೀಖು ನೋಡದೆ ಹೊರಟಿದ್ದೆವು. ತಪ್ಪು ನಮ್ಮದೇ. ಆದರೆ ಆ ತಪ್ಪಿಗೆ ನಾನು ಇವತ್ತಿಗೂ ಋಣಿ. ಯಾಕೆಂದರೆ ಅದೇ ಹೊತ್ತಿಗೆ ನಮ್ಮ ಬೆನ್ನ ಹಿಂದಿನ ಮಸೀದಿಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಮಾರನೇ ದಿನದಿಂದ ರಂಜಾನ್ ಉಪವಾಸ, ಅವತ್ತು ಮೊದಲ ರಾತ್ರಿಯ ನಮಾಜು. ಬಿಳಿ ಬಟ್ಟೆ ಹಾಕಿಕೊಂಡ ಹೆಂಗಸರು ಮಕ್ಕಳು ಗುಂಪುಗುಂಪಾಗಿ ನಡೆದುಹೋಗುತ್ತಿದ್ದರು. ಈ ದಡದಲ್ಲಿ ದೀಪ, ಧ್ವನಿವರ್ಧಕ, ಜನ. ಆ ದಡದಲ್ಲಿ ಒಂದು ಇಡೀ ದ್ವೀಪ ಉಸಿರು ಬಿಗಿಹಿಡಿದು ಕುಳಿತಿದೆ. ನಡುವೆ ಒಂದು ತುಂಡು ಸಮುದ್ರ. ಇವರು ಬ್ಯಾಗು ಇಳಿಸಿ ಕಟ್ಟೆಯ ಮೇಲೆ ಕುಳಿತರು. ನಾನೂ ಕುಳಿತೆ. ರೂಮು ಹುಡುಕಬೇಕು ಅನ್ನುವುದು ಇಬ್ಬರಿಗೂ ನೆನಪಾಗಿದ್ದು ಒಂದು ಗಂಟೆ ಕಳೆದ ಮೇಲೆ.

ಇಂಡೊನೇಷ್ಯಾದಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ. ನಮ್ಮ ಲೆಕ್ಕ ಸಣ್ಣದು. ಜಾವಾದ ನಡುವಿನಿಂದ ಹೊರಟು ಬಾಲಿ, ಲೊಂಬೊಕ್, ಆಮೇಲೆ ಒಂದು ಪುಟ್ಟ ಗಿಲಿ ದ್ವೀಪ. ಮೂರು ವಾರ. ಒಂದು ದ್ವೀಪದಿಂದ ಇನ್ನೊಂದಕ್ಕೆ ವಿಮಾನ ಹತ್ತುವುದು ಬೇಡ, ರೈಲು, ಬಸ್ಸು, ಹಡಗು ಅಷ್ಟೇ ಅಂತ ಮೊದಲೇ ಮಾತಾಗಿತ್ತು. ವಿಮಾನದಲ್ಲಿ ಹೋದರೆ ನೀರು ದಾಟಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ನನಗೆ ನೀರು ದಾಟಬೇಕಿತ್ತು.

ಇನ್ನೊಂದು ಒಪ್ಪಂದವೂ ಆಗಿತ್ತು, ಆದರೆ ಅದು ಹೊರಡುವ ಮೊದಲು ಆಗಿದ್ದಲ್ಲ. ಜಗಳ ಆಡಿದ ಮೇಲೆ ಆಗಿದ್ದು.

ನಡು ಜಾವಾದ ಊರು ಯೋಗ್ಯಕರ್ತಾಗೆ ಬಂದ ಮೊದಲ ಸಂಜೆ. ಮಾಲಿಯೊಬೊರೊ ಅಂತ ಅಲ್ಲಿಯ ದೊಡ್ಡ ಬೀದಿ, ಅಲ್ಲಿಗೆ ನಡೆದು ಹೋಗೋಣ ಅಂತ ಹೊರಟೆವು. ಇವರು ಫೋನಿನಲ್ಲಿ ನೋಡಿ ಒಳದಾರಿ ಹಿಡಿದರು. ಅಲ್ಲಿ ಓಣಿಗೆ ಗಾಂಗ್ ಅನ್ನುತ್ತಾರೆ. ಎದುರಿಗೆ ಒಬ್ಬರು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟು ಕಿರಿದು. ಬೈಕಿನವರು ಎಂಜಿನ್ ಆಫ್ ಮಾಡಿ, ಇಳಿದು, ತಳ್ಳಿಕೊಂಡು ಹೋಗಬೇಕು ಅಂತ ಬೋರ್ಡು ಬೇರೆ. ಕತ್ತಲಾಗುತ್ತಿತ್ತು. ಮನೆಗಳ ಒಳಗೆ ಟಿವಿ ಓಡುತ್ತಿದೆ, ಒಗೆದ ಬಟ್ಟೆ ತಲೆಗೆ ತಾಗುತ್ತಿದೆ, ನಾವು ಯಾರದೋ ಜಗುಲಿ ದಾಟಿಕೊಂಡು ಹೋಗುತ್ತಿದ್ದೇವೆ. ನನಗೆ ಇಷ್ಟವಿರಲಿಲ್ಲ. "ವಾಪಸ್ ಹೋಗೋಣ ರೀ" ಅಂದೆ. "ಇನ್ನೆರಡು ತಿರುವು ಅಷ್ಟೇ ಕಣೇ" ಅಂದರು. ಎರಡಲ್ಲ, ಹತ್ತು ತಿರುವು ಆಯಿತು. ಏನೂ ಕೆಟ್ಟದ್ದು ಆಗಲಿಲ್ಲ, ಒಬ್ಬ ಅಜ್ಜ ದಾರಿ ತೋರಿಸಿ ರಸ್ತೆಯವರೆಗೆ ಬಂದು ಬಿಟ್ಟು ಹೋದರು. ಆದರೆ ನನ್ನ ಸಿಟ್ಟು ಇಳಿಯಲಿಲ್ಲ. ಓಣಿಯ ಮೇಲೆ ಅಲ್ಲ, ನನ್ನ ಮಾತು ನೆಲಕ್ಕೆ ಬಿತ್ತಲ್ಲ, ಅದರ ಮೇಲೆ.

ಆ ರಾತ್ರಿ ಬೀದಿ ಬದಿಯ ಬೆಂಚಿನ ಮೇಲೆ ಕುಳಿತು ಒಂದು ಮಾತಿಗೆ ಬಂದೆವು. ಗೊತ್ತಿಲ್ಲದ ಊರಿನಲ್ಲಿ ಇಬ್ಬರಲ್ಲಿ ಒಬ್ಬರು ಬೇಡ ಅಂದರೆ ಬೇಡ. ಅಲ್ಲೇ, ಆ ಕ್ಷಣವೇ ನಿಲ್ಲಬೇಕು. ಯಾಕೆ ಅಂತ ಕೇಳಬಾರದು. ಕೇಳುವುದಿದ್ದರೆ ರೂಮಿಗೆ ಬಂದ ಮೇಲೆ.

ನಾನು ಇದನ್ನೆಲ್ಲಾ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಗಂಡ ಹೆಂಡತಿ ಹೊಸ ಜಾಗಕ್ಕೆ ಹೊರಟರೆ ಎಲ್ಲಿ ಉಳಿಯಬೇಕು, ಏನು ನೋಡಬೇಕು ಅಂತ ಹುಡುಕುವುದಕ್ಕೆ ವಾರಗಟ್ಟಲೆ ಕೂರುತ್ತೇವೆ. ಈ ಮಾತನ್ನು ಯಾರೂ ಆಡಿಕೊಳ್ಳುವುದಿಲ್ಲ.

ಗಂಡ ಹೆಂಡತಿ ಅಂದಾಗ ನೆನಪಾಯಿತು. ಯೋಗ್ಯಕರ್ತಾದ ಹೋಟೆಲಿನಲ್ಲಿ ಪಾಸ್‌ಪೋರ್ಟ್ ನೋಡುತ್ತಾ ಆ ಹುಡುಗಿ "ಸುವಾಮಿ ಇಸ್ತ್ರಿ?" ಅಂತ ಕೇಳಿದಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ವಾಮಿ, ಸ್ತ್ರೀ! ಅವರ ಭಾಷೆಯಲ್ಲಿ ಗಂಡ ಅಂದರೆ ಸುವಾಮಿ, ಹೆಂಡತಿ ಅಂದರೆ ಇಸ್ತ್ರಿ. ಆಮೇಲೆ ಒಂದೊಂದೇ ಸಿಗುತ್ತಾ ಹೋಯಿತು. ಭಾಷೆಗೆ ಬಹಾಸಾ, ಮುಖಕ್ಕೆ ಮುಕಾ, ಹೆಸರಿಗೆ ನಾಮಾ. ಅಪಾಯದ ಬೋರ್ಡಿನ ಮೇಲೆ ಬಹಾಯಾ ಅಂತ ಇರುತ್ತದೆ, ಅದು ಭಯ. ಹಡಗಿಗೆ ಕಪಾಲ್, ತಮಿಳಿನ ಕಪ್ಪಲ್. ಯಾವ ಕಾಲದಲ್ಲೋ ಈ ಮಾತುಗಳೆಲ್ಲಾ ಹಡಗು ಹತ್ತಿ ಹೋಗಿವೆ.

ಪ್ರಂಬಾನನ್ ದೇವಸ್ಥಾನ ಯೋಗ್ಯಕರ್ತಾದ ಪಕ್ಕದಲ್ಲೇ ಇದೆ. ಒಂಬತ್ತನೇ ಶತಮಾನದ್ದು, ಶಿವನ ಗುಡಿ ಒಂದೇ 47 ಮೀಟರ್ ಎತ್ತರ. ಗುಡಿಯ ಸುತ್ತ ಪ್ರದಕ್ಷಿಣೆ ಹಾಕುತ್ತಾ ಹೋದರೆ ಗೋಡೆಯ ಮೇಲೆ ರಾಮಾಯಣ ಓದಿಕೊಂಡು ಹೋಗಬಹುದು. ನಾವು ಹಾಗೇ ಮಾಡಿದೆವು, ಇದು ಯಾರು, ಇದು ಯಾರು ಅಂತ ಒಬ್ಬರನ್ನೊಬ್ಬರು ಕೇಳುತ್ತಾ. ಕಪಿಗಳು ಸೇತುವೆ ಕಟ್ಟುವ ಹೊತ್ತಿಗೆ ಆ ಗುಡಿಯ ಸುತ್ತು ಮುಗಿಯುತ್ತದೆ, ಮುಂದಿನ ಕಥೆ ಪಕ್ಕದ ಬ್ರಹ್ಮನ ಗುಡಿಯಲ್ಲಿ. ಆ ಸೇತುವೆಯ ಕಲ್ಲಿನ ಮುಂದೆ ನಾನು ತುಂಬಾ ಹೊತ್ತು ನಿಂತೆ. ಕಪಿಗಳು ಬಂಡೆ ಎತ್ತಿ ಸಮುದ್ರಕ್ಕೆ ಹಾಕುತ್ತಿವೆ, ಕೆಳಗೆ ಮೀನುಗಳು ಆ ಕಲ್ಲನ್ನು ಬಾಯಲ್ಲಿ ಹಿಡಿದಿವೆ. ಒಂದು ಮೀನಿನ ಕಣ್ಣು ಎಷ್ಟು ಗುಂಡಗೆ, ಎಷ್ಟು ಹುರುಪಿನಿಂದ ಇದೆ ಅಂದರೆ, ಅದನ್ನು ಕೆತ್ತಿದವನು ಸಮುದ್ರದ ಪಕ್ಕದಲ್ಲೇ ಬೆಳೆದಿರಬೇಕು ಅನ್ನಿಸಿತು.

ಕೆಟಪಾಂಗಿಗೆ ನಾವು ಬಂದ ರೈಲಿನ ಹೆಸರು ಸ್ರಿ ತಂಜುಂಗ್. ಯೋಗ್ಯಕರ್ತಾದ ಲೆಂಪುಯಾಂಗನ್ ಸ್ಟೇಷನ್ನಿನಿಂದ ಬೆಳಿಗ್ಗೆ ಹೊರಟು ಸುಮಾರು 13 ಗಂಟೆ. ಎದುರುಬದುರು ಸೀಟು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಸುರಬಾಯಾದಲ್ಲಿ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿದರು, ಅಲ್ಲಿಂದ ಮುಂದೆ ನಾವೆಲ್ಲಾ ಹಿಂದುಮುಂದಾಗಿ ಹೋದೆವು. ಸ್ರಿ ತಂಜುಂಗ್ ಅನ್ನುವುದು ಆ ಕಡೆಯ ಹಳೇ ಕಥೆಯ ಹೆಣ್ಣು. ಅವಳ ಗಂಡ ಯಾರದೋ ಮಾತು ಕೇಳಿ ಅವಳ ಮೇಲೆ ಅನುಮಾನ ಪಟ್ಟ. ನನ್ನ ತಪ್ಪಿಲ್ಲದಿದ್ದರೆ ಈ ನೀರು ಪರಿಮಳ ಬೀರುತ್ತದೆ ಅಂತ ಹೇಳಿ ಅವಳು ಸತ್ತಳು, ಕೊಂದವನು ಅವನೇ. ನೀರು ಪರಿಮಳ ಬೀರಿತು. ಕೆಟಪಾಂಗ್ ಇರುವ ಜಿಲ್ಲೆಗೆ ಬನ್ಯುವಾಂಗಿ ಅಂತ ಹೆಸರು ಬಂದದ್ದು ಹೀಗೆ ಅನ್ನುತ್ತಾರೆ. ಬನ್ಯು ಅಂದರೆ ನೀರು, ವಾಂಗಿ ಅಂದರೆ ಸುವಾಸನೆ. ಎದುರು ಸೀಟಿನ ಮೇಷ್ಟ್ರು ಒಬ್ಬರು ಹರಕು ಮುರುಕು ಇಂಗ್ಲಿಷಿನಲ್ಲಿ, ಕೈ ಆಡಿಸುತ್ತಾ ಇದನ್ನು ಹೇಳಿದರು. ಹೇಳಿ ಮುಗಿಸಿ ಇವರ ಕಡೆ ತಿರುಗಿ, "ಮಿಸ್ಟರ್, ಹೆಂಡತಿ ಮಾತು ಕೇಳಬೇಕು" ಅಂದರು. ಇವರು ಗಂಭೀರವಾಗಿ ತಲೆಯಾಡಿಸಿದರು.

ಗೇಟು ಹಾಕಿದ್ದರಿಂದ ಬನ್ಯುವಾಂಗಿಯಲ್ಲಿ ಎರಡು ದಿನ ಉಳಿಯೋಣ ಅಂತಾಯಿತು. ಅದರಿಂದ ಕಾವಾ ಇಜೆನ್ ನೋಡುವುದಕ್ಕೆ ಸಿಕ್ಕಿತು, ಅದು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಜ್ವಾಲಾಮುಖಿ. ಅದರ ಬಾಯಲ್ಲಿ ಸುಮಾರು ಒಂದು ಕಿಲೋಮೀಟರ್ ಅಗಲದ ಕೆರೆ, ಹಸಿರು ಬೆರೆತ ನೀಲಿ ಬಣ್ಣ. ನೋಡಿದರೆ ಇಳಿದು ಈಜಬೇಕು ಅನ್ನಿಸುತ್ತದೆ, ಆದರೆ ಅದು ಪೂರ್ತಿ ಆಸಿಡ್, ಪಿಎಚ್ 1ಕ್ಕಿಂತ ಕಡಿಮೆ.

ನಡುರಾತ್ರಿ ಜೀಪಿನಲ್ಲಿ ಹೊರಟು, ಪಾಲ್ತುಡಿಂಗ್ ಅನ್ನುವ ಕಡೆಯಿಂದ ಸುಮಾರು 3 ಕಿ.ಮೀ. ಏರು ಹತ್ತಬೇಕು. ಕತ್ತಲು, ಚಳಿ, ತಲೆಗೆ ಕಟ್ಟಿದ ಟಾರ್ಚು. ಗಂಧಕದ ವಾಸನೆ ಗಂಟಲಿಗೆ ಹಿಡಿಯುತ್ತದೆ, ಅದಕ್ಕೆ ಮುಖವಾಡ ಬಾಡಿಗೆಗೆ ಕೊಡುತ್ತಾರೆ. ಮೇಲಿನ ಅಂಚಿಗೆ ಬಂದಾಗ ಕೆಳಗೆ, ತುಂಬಾ ಕೆಳಗೆ, ನೀಲಿ ಬೆಂಕಿ ಕಂಡಿತು. ಭೂಮಿಯ ಬಿರುಕಿನಿಂದ ಹೊರಬರುವ ಗಂಧಕದ ಅನಿಲ 600 ಡಿಗ್ರಿಯವರೆಗೂ ಕಾದಿರುತ್ತದೆ, ಗಾಳಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಹಗಲಲ್ಲೂ ಉರಿಯುತ್ತಿರುತ್ತದೆ, ಕಾಣುವುದು ಮಾತ್ರ ಕತ್ತಲಲ್ಲಿ. ಗ್ಯಾಸ್ ಒಲೆಯ ಉರಿಯ ಬಣ್ಣವೇ, ಆದರೆ ಅದು ಬಂಡೆಯ ಮೇಲೆ ನೀರಿನ ಹಾಗೆ ಹರಿಯುತ್ತದೆ.

ಕೆಳಗೆ ಹತ್ತಿರದವರೆಗೂ ಇಳಿದು ನೋಡುವವರು ಇದ್ದರು. ಇವರು ಆಗಲೇ ಶೂ ಲೇಸು ಬಿಗಿ ಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಗಾಳಿ ತಿರುಗಿತು. ಬಿಳಿ ಹೊಗೆ ಒಮ್ಮೆಲೇ ಇಳಿಜಾರಿನ ಮೇಲೆ ಹರಡಿ, ಇಳಿಯುತ್ತಿದ್ದವರ ಟಾರ್ಚುಗಳು ಒಂದೊಂದೇ ಮಾಯವಾದವು. ಕೆಮ್ಮು ಮಾತ್ರ ಕೇಳಿಸುತ್ತಿತ್ತು.

"ಬೇಡ ರೀ."

ಇವರು ಬಗ್ಗಿದ್ದವರು ಹಾಗೇ ಎದ್ದರು. ಏನೂ ಕೇಳಲಿಲ್ಲ. ನನ್ನ ಪಕ್ಕದಲ್ಲಿ ಬಂದು ನಿಂತರು. ಅವರಿಗೆ ಎಷ್ಟು ಆಸೆ ಇತ್ತು ಅಂತ ನನಗೆ ಗೊತ್ತು, ಅದಕ್ಕೇ ಆ ನಿಲ್ಲುವಿಕೆ ನನಗೆ ದೊಡ್ಡದು. ಬೆಳಕು ಹರಿಯುವವರೆಗೆ ಅಲ್ಲೇ ಕುಳಿತೆವು. ಹೊಗೆಯೊಳಗಿಂದ ಗಂಧಕ ಹೊರುವವರು ಮೇಲೆ ಬರುತ್ತಿದ್ದರು. ಬಿದಿರಿನ ಅಡ್ಡೆಯ ಎರಡು ತುದಿಗೆ ಎರಡು ಬುಟ್ಟಿ, ಅದರ ತುಂಬಾ ಹಳದಿ ಗಂಧಕದ ಗಟ್ಟಿಗಳು. ಒಂದು ಹೊರೆ 70ರಿಂದ 90 ಕಿಲೋ ತೂಗುತ್ತದೆ. ಒಬ್ಬರು ನಮ್ಮ ಹತ್ತಿರವೇ ಹೊರೆ ಇಳಿಸಿ ಉಸಿರು ತೆಗೆದುಕೊಂಡರು. ಹೆಗಲ ಮೇಲೆ ಅಡ್ಡೆ ಕೂರುವ ಜಾಗದಲ್ಲಿ ಮಾಂಸ ಗಂಟು ಕಟ್ಟಿ, ಚಿಕ್ಕ ನಿಂಬೆಹಣ್ಣಿನಷ್ಟು ಎದ್ದಿತ್ತು. ಮುಖವಾಡ ಇರಲಿಲ್ಲ, ಒಂದು ಒದ್ದೆ ಬಟ್ಟೆ ಬಾಯಿಗೆ ಕಚ್ಚಿಕೊಂಡಿದ್ದರು. ನಮ್ಮ ಸಾಹಸ, ಅವರ ದಿನದ ಕೆಲಸ. ಇವರು ತಮ್ಮ ಮುಖವಾಡ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು, ಯಾಕೆ ಅಂತ ನಾನೂ ಕೇಳಲಿಲ್ಲ.

ಇಳಿಯುವಾಗ ಇವರು, "ಕೆಳಗೆ ಹೋಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತಿದೆ" ಅಂದರು. "ಗೊತ್ತು" ಅಂದೆ. ಅಷ್ಟೇ.

ಅವತ್ತು ಸಂಜೆ ಉಪವಾಸ ಬಿಟ್ಟ ಮೇಲೆ ಅಂಗಡಿಗಳು ತೆರೆದವು. ಸೆಗೊ ತೆಂಪೊಂಗ್ ತಿಂದೆವು. ಅನ್ನ, ಬೇಯಿಸಿದ ಸೊಪ್ಪು, ಕರಿದ ತೆಂಪೆ (ಸೋಯಾ ಕಾಳನ್ನು ಹುದುಗಿಸಿ ಮಾಡುವ ಬಿಲ್ಲೆ), ಮೇಲೆ ಹಸಿಯಾಗಿ ಅರೆದ ಖಾರ. ತೆಂಪೊಂಗ್ ಅಂದರೆ ಕೆನ್ನೆಗೆ ಹೊಡೆಯುವುದು. ಹೆಸರು ಸರಿಯಾಗಿಯೇ ಇಟ್ಟಿದ್ದಾರೆ.

ಮಾರನೇ ದಿನ ಹಡಗು. ಕೆಟಪಾಂಗಿನಿಂದ ಬಾಲಿಯ ಗಿಲಿಮಾನುಕ್‌ಗೆ ಒಂದು ಗಂಟೆಯ ದಾರಿ. ಇಷ್ಟೇ ಇಷ್ಟು ನೀರಿಗೆ ಅಷ್ಟು ಹೊತ್ತೇ ಅಂದುಕೊಂಡಿದ್ದೆ, ಆದರೆ ಅಲ್ಲಿ ಸೆಳೆತ ಜೋರು, ಹಡಗು ನೇರ ಹೋಗುವುದಿಲ್ಲ, ಓರೆಯಾಗಿ ಹತ್ತಿ ಹೋಗುತ್ತದೆ. ಆ ಕಡೆ ಇಳಿದಾಗ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು, ಜಾವಾ ಬಾಲಿ ಎರಡಕ್ಕೂ ಬೇರೆ ಬೇರೆ ಸಮಯ. ಇವರ ಹತ್ತಿರ ಅವರ ತಂದೆಯ ಹಳೇ ಕೈಗಡಿಯಾರ ಇದೆ, ಕೀಲಿ ಕೊಡುವಂಥದ್ದು. ಹಡಗಿನ ಕಟಕಟೆಗೆ ಒರಗಿ ಅದರ ಮುಳ್ಳು ತಿರುಗಿಸಿದರು.

ಬಾಲಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ. ನನಗೆ ಹಿಡಿಸಿದ್ದು ಹಬ್ಬ ಮುಗಿದ ಮೇಲಿನ ಬಾಲಿ. ನ್ಯೆಪಿಯ ಹಿಂದಿನ ಸಂಜೆ ಮೆರವಣಿಗೆ ಮಾಡುವ ಓಗೊ ಓಗೊ ಅಂತ ದೊಡ್ಡ ದೊಡ್ಡ ರಾಕ್ಷಸರ ಗೊಂಬೆಗಳಿವೆ. ಬಹಳಷ್ಟನ್ನು ಸುಟ್ಟುಬಿಡುತ್ತಾರೆ, ಕೆಲವು ಮಾತ್ರ ರಸ್ತೆ ಬದಿಯಲ್ಲಿ ಉಳಿದಿದ್ದವು. ಮಳೆಗೆ ನೆನೆದು ಒಬ್ಬ ರಾಕ್ಷಸನ ಬಣ್ಣ ಕಣ್ಣಿನಿಂದ ಕೆನ್ನೆಗೆ ಇಳಿದಿತ್ತು.

ಬಾಲಿಯ ಪಡಂಗ್‌ಬಾಯಿಯಿಂದ ಲೊಂಬೊಕ್‌ನ ಲೆಂಬಾರ್ ಬಂದರಿಗೆ ಹೋಗುವ ದೊಡ್ಡ ಹಡಗು ನಾಲ್ಕೈದು ಗಂಟೆ ತೆಗೆದುಕೊಳ್ಳುತ್ತದೆ. ವೇಗದ ದೋಣಿಗಳೂ ಇವೆ, ಹೆಚ್ಚಿನ ಪ್ರವಾಸಿಗರು ಅದನ್ನೇ ಹಿಡಿಯುತ್ತಾರೆ. ನೀವು ಹೋದರೆ ಒಂದು ಸಲವಾದರೂ ದೊಡ್ಡ ಹಡಗಿನಲ್ಲಿ ಹೋಗಿ, ನಾನು ಕೇಳಿಕೊಳ್ಳುವುದು ಇಷ್ಟೇ. ಯಾಕೆ ಅಂದರೆ ಆ ನೀರು ಸಾಮಾನ್ಯ ನೀರಲ್ಲ.

1856ರಲ್ಲಿ ಆಲ್ಫ್ರೆಡ್ ರಸೆಲ್ ವಾಲೇಸ್ ಅನ್ನುವ ಬ್ರಿಟಿಷ್ ಜೀವವಿಜ್ಞಾನಿ ಬಾಲಿಯಿಂದ ಲೊಂಬೊಕ್‌ಗೆ ಇದೇ ನೀರನ್ನು ದಾಟಿದ. ಇಳಿದು ನೋಡಿದರೆ ಹಕ್ಕಿಗಳೇ ಬೇರೆ. ಬಾಲಿಯಲ್ಲಿ ಏಷ್ಯಾದ ಹಕ್ಕಿಗಳು, ಲೊಂಬೊಕ್‌ನಲ್ಲಿ ಬಿಳಿ ಕಾಕಟೂ ಗಿಳಿ, ಆಸ್ಟ್ರೇಲಿಯಾ ಕಡೆಯದ್ದು. ನಡುವೆ ಇರುವುದು ಬರೀ ಮೂವತ್ತು ನಲವತ್ತು ಕಿ.ಮೀ. ಕಾರಣ ಆಳ. ಹಿಮಯುಗದಲ್ಲಿ ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಬಾಲಿ, ಜಾವಾ, ಸುಮಾತ್ರಾ ಎಲ್ಲಾ ಏಷ್ಯಾದ ನೆಲಕ್ಕೇ ಸೇರಿದ್ದವು, ಪ್ರಾಣಿಗಳು ನಡೆದುಕೊಂಡೇ ಬಂದವು. ಆದರೆ ಬಾಲಿ ಮತ್ತು ಲೊಂಬೊಕ್ ನಡುವಿನ ಈ ಜಲಸಂಧಿ ಆಳ ಕಡಿಮೆ ಇರುವ ಕಡೆಯೂ ಸುಮಾರು 250 ಮೀಟರ್ ಇದೆ, ಅದು ಯಾವತ್ತೂ ಒಣಗಲಿಲ್ಲ. ಬಾಲಿಯವರೆಗೆ ಹುಲಿ ಬಂತು, ಲೊಂಬೊಕ್‌ಗೆ ಬರಲಿಲ್ಲ. ಬಾಲಿಯ ಹುಲಿಯೂ ಈಗ ಇಲ್ಲ, ಬೇಟೆ ಅದನ್ನು ಮುಗಿಸಿತು.

ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ಹರಿದು ಬರುವ ದಾರಿಗಳಲ್ಲಿ ಇದೂ ಒಂದು. ನಡುವಿಗೆ ಬಂದಾಗ ನೀರಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತದೆ. ಒಂದು ಕಡೆ ನಯ, ಇನ್ನೊಂದು ಕಡೆ ಕುದಿಯುವ ಅನ್ನದ ಹಾಗೆ ಗುಳುಗುಳು. ಹಡಗು ಆ ಗೆರೆ ದಾಟುವಾಗ ಒಮ್ಮೆ ಪಕ್ಕಕ್ಕೆ ವಾಲಿತು, ಕೆಳಗೆ ಲಾರಿಗಳ ಸರಪಳಿ ಕಿರ್ ಅಂದಿತು. ಇವರಿಗೆ ಅಲ್ಲಿಂದ ವಾಂತಿ ಶುರುವಾಯಿತು. ಎರಡು ಗಂಟೆ ಅವರ ತಲೆ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ತಾನು ಉಪವಾಸದಲ್ಲಿದ್ದರೂ, ಚೀಲದಿಂದ ಒಂದು ಪುಟ್ಟ ಎಣ್ಣೆ ಶೀಶೆ ತೆಗೆದು ನನ್ನ ಕೈಗಿಟ್ಟು ಅವರ ಹಣೆಗೆ ಹಚ್ಚು ಅಂತ ಸನ್ನೆ ಮಾಡಿದರು. ಇಳಿಯುವಾಗ ವಾಪಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಈಗ ಗಿಲಿ ಏರ್. ಗಿಲಿ ಅಂದರೆ ಲೊಂಬೊಕ್‌ನ ಸಾಸಾಕ್ ಭಾಷೆಯಲ್ಲಿ ಪುಟ್ಟ ದ್ವೀಪ, ಏರ್ ಅಂದರೆ ನೀರು. ಲೊಂಬೊಕ್‌ನ ಬಂಗ್ಸಾಲ್ ದಡದಿಂದ ಜನರ ದೋಣಿ, ತುಂಬಿದ ಮೇಲೆ ಹೊರಡುತ್ತದೆ. ಅಕ್ಕಿ ಮೂಟೆ, ಮೊಟ್ಟೆ, ಗ್ಯಾಸ್ ಸಿಲಿಂಡರ್, ಕೋಳಿ, ನಾವು. ಆ ದ್ವೀಪದಲ್ಲಿ ಪೆಟ್ರೋಲಿನ ಕಾರು ಬೈಕು ಇಲ್ಲ, ಓಡಾಟಕ್ಕೆ ಸೈಕಲ್ಲು, ಚಿಡೊಮೊ ಅನ್ನುವ ಕುದುರೆ ಗಾಡಿ. ಸುತ್ತಲೂ ನಡೆದರೆ ಎರಡು ಗಂಟೆಯೂ ಹಿಡಿಯುವುದಿಲ್ಲ.

ಮೂರನೇ ದಿನ ಬೆಳಿಗ್ಗೆ ದಡದಿಂದಲೇ ಮುಖಕ್ಕೆ ಕನ್ನಡಕ, ಬಾಯಿಗೆ ಕೊಳವೆ ಹಾಕಿಕೊಂಡು ನೀರಿಗೆ ಇಳಿದೆವು. ಇಬ್ಬರಿಗೂ ಈಜು ಬರುತ್ತದೆ. ಮೊದಲ ಹತ್ತು ನಿಮಿಷ ಸ್ವರ್ಗ. ಒಂದು ಆಮೆ, ಅಡಿಗೆ ಮನೆಯ ದೊಡ್ಡ ತಟ್ಟೆಗಿಂತ ದೊಡ್ಡದು, ತಳದಲ್ಲಿ ಹುಲ್ಲು ಮೇಯುತ್ತಿತ್ತು. ಅದು ಕಚ್ಚಿ ಎಳೆಯುವ ಶಬ್ದ ನೀರಿನೊಳಗೆ ಕೇಳಿಸಿತು, ಇಲ್ಲಾ ಕೇಳಿಸಿದ ಹಾಗೆ ಅನ್ನಿಸಿತು. ಬೆನ್ನಿನ ಚಿಪ್ಪಿನ ಮೇಲೆ ಪಾಚಿ, ಪಾಚಿಯಲ್ಲಿ ಬೆರಳುಗುರಿನಷ್ಟು ಮೀನು. ಅದು ತೇಲಿ ಮೇಲೆ ಬಂದು, ಮೂಗು ಹೊರಗಿಟ್ಟು ಒಂದು ಸಲ ಉಸಿರು ತೆಗೆದು, ಮತ್ತೆ ಇಳಿಯಿತು. ಅದರ ಹಿಂದೆ ಹೋದೆವು.

ತಲೆ ಎತ್ತಿದಾಗ ದಡ ಬೇರೆ ಆಗಿತ್ತು. ನಾವು ಇಳಿದ ಕಡೆ ಒಂದು ನೀಲಿ ದೋಣಿ ಮಗುಚಿ ಹಾಕಿದ್ದರು, ಅದು ಈಗ ತುಂಬಾ ದೂರದಲ್ಲಿ, ಚುಕ್ಕೆ. ನಾನು ದಡದ ಕಡೆ ಈಜಿದೆ. ಕೈ ಬೀಸಿದೆ, ಕಾಲು ಬಡಿದೆ, ಲೆಕ್ಕ ಹಾಕಿಕೊಂಡು ನೂರು ಸಲ ಬಡಿದೆ. ತಳ ನೋಡಿದರೆ ಅದೇ ಹವಳದ ಬಂಡೆ ನನ್ನ ಕೆಳಗೆ ಹಿಂದಕ್ಕಲ್ಲ, ಮುಂದಕ್ಕೆ ಸರಿಯುತ್ತಿದೆ. ನಾನು ಹಿಂದಕ್ಕೆ ಹೋಗುತ್ತಿದ್ದೇನೆ. ಎದೆ ಹೊಡೆದುಕೊಳ್ಳತೊಡಗಿತು. ಕೊಳವೆಯಲ್ಲಿ ಉಪ್ಪು ನೀರು ಬಂತು.

ಮಣಿಕಟ್ಟು ಯಾರೋ ಹಿಡಿದರು. ಇವರೇ. ಬಾಯಿಂದ ಕೊಳವೆ ತೆಗೆದು ಒಂದೇ ಮಾತು ಅಂದರು. "ಬೇಡ."

ಈಜುವುದು ಬೇಡ ಅಂತ. ದಡ ಕಣ್ಣ ಮುಂದೆ ಇರುವಾಗ ಈಜುವುದು ಬೇಡ ಅಂದರೆ ಯಾರು ಕೇಳುತ್ತಾರೆ? ಬೇರೆ ದಿನ ಆಗಿದ್ದರೆ ನಾನು ಅವರ ಕೈ ಕೊಡವುತ್ತಿದ್ದೆ. ಆದರೆ ಇಜೆನ್ ಗುಡ್ಡದ ಮೇಲೆ ಅವರು ಲೇಸು ಬಿಟ್ಟು ಎದ್ದು ನಿಂತಿದ್ದು ನನ್ನ ಮೈಗೆ ನೆನಪಿತ್ತು. ನಿಲ್ಲಿಸಿದೆ. ಬೆನ್ನ ಮೇಲೆ ತೇಲಿದೆ. ಇವರು ನನ್ನ ಕೈ ಬಿಡಲಿಲ್ಲ. ಸೆಳೆತ ನಮ್ಮನ್ನು ದ್ವೀಪದ ಉದ್ದಕ್ಕೂ ಒಯ್ಯುತ್ತಿತ್ತು, ಆಚೆಗೆ ಮೆನೋ ದ್ವೀಪದ ಕಡೆ. ಇವರು ಸೆಳೆತಕ್ಕೆ ಎದುರಾಗದೆ, ಅಡ್ಡಕ್ಕೆ, ಮೆಲ್ಲಗೆ, ಒಂದೊಂದೇ ಕಾಲು ಬಡಿಯುತ್ತಿದ್ದರು. ನಾನೂ ಹಾಗೇ ಮಾಡಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಆಕಾಶ ತುಂಬಾ ಬೆಳ್ಳಗಿತ್ತು.

ಮೀನು ಹಿಡಿಯುವವರೊಬ್ಬರು ನೋಡಿದರು. ಎರಡೂ ಪಕ್ಕಕ್ಕೆ ಬಿದಿರಿನ ರೆಕ್ಕೆ ಇರುವ ಸಣ್ಣ ದೋಣಿ, ಜುಕುಂಗ್ ಅನ್ನುತ್ತಾರೆ. ಮೊದಲು ನನ್ನನ್ನು ಎಳೆದು ಹಾಕಿದರು, ಆಮೇಲೆ ಇವರನ್ನು. ಬೈದರು ಕೂಡ. ನನಗೆ ತಿಳಿದದ್ದು ಒಂದೇ ಪದ, "ಆರುಸ್, ಆರುಸ್" ಅಂತ ಮತ್ತೆ ಮತ್ತೆ ನೀರು ತೋರಿಸಿ ಹೇಳುತ್ತಿದ್ದರು. ಆರುಸ್ ಅಂದರೆ ಸೆಳೆತ. ಅಲ್ಲಿಗೆ ಹೋಗುವವರು ಬೇರೆ ಯಾವ ಪದ ಕಲಿಯದಿದ್ದರೂ ಇದನ್ನು ಕಲಿತುಕೊಳ್ಳಿ. ನೀರಿಗೆ ಇಳಿಯುವ ಮೊದಲು ದಡದಲ್ಲಿ ಯಾರಾದರೂ ಸ್ಥಳದವರನ್ನು ಹಿಡಿದು "ಆರುಸ್?" ಅಂತ ಕೇಳಿ, ಅವರು ಯಾವ ಕಡೆ ಕೈ ತೋರಿಸುತ್ತಾರೋ ನೋಡಿ.

ದಡದ ಬಿಸಿಲಲ್ಲಿ ನಾನು ನಡುಗುತ್ತಿದ್ದೆ. ಇವರ ಪಾದ ಹವಳ ತಾಗಿ ಸೀಳಿತ್ತು, ಅದು ಅವರಿಗೇ ಗೊತ್ತಿರಲಿಲ್ಲ, ಮರಳಿನ ಮೇಲಿನ ರಕ್ತ ನೋಡಿ ನಾನೇ ಹೇಳಿದ್ದು.

ನಾವು ಉಳಿದಿದ್ದ ಮನೆಯಾಕೆ ಶುಂಠಿ ಕುದಿಸಿದ ನೀರು ತಂದುಕೊಟ್ಟು ಪಕ್ಕದಲ್ಲಿ ಕುಳಿತರು. ಅವರೇ ಮಾತು ತೆಗೆದರು. 2018ರ ಆಗಸ್ಟ್ 5ರ ಭೂಕಂಪದ ರಾತ್ರಿ. ಲೊಂಬೊಕ್‌ನಲ್ಲಿ 500ಕ್ಕೂ ಹೆಚ್ಚು ಜನ ತೀರಿಹೋದರು. ಈ ದ್ವೀಪ ತಟ್ಟೆಯ ಹಾಗೆ ಚಪ್ಪಟೆ, ಸುನಾಮಿ ಬಂದರೆ ಓಡಲು ಎತ್ತರದ ಜಾಗವಿಲ್ಲ. ಕರೆಂಟು ಹೋಗಿ, ಗಂಡ ಒಂದು ಕಡೆ, ತಾನು ಮಗು ಎತ್ತಿಕೊಂಡು ಇನ್ನೊಂದು ಕಡೆ, ಬೆಳಗಿನವರೆಗೆ ಒಬ್ಬರನ್ನೊಬ್ಬರು ಕೂಗುತ್ತಾ ತಿರುಗಿದರಂತೆ. ಈಗ ಇಬ್ಬರೂ ಒಂದು ಮರ ಗೊತ್ತು ಮಾಡಿಟ್ಟುಕೊಂಡಿದ್ದಾರೆ. ಏನೇ ಆದರೂ ಹುಡುಕಬಾರದು, ನೇರ ಆ ಮರದ ಹತ್ತಿರ ಬರಬೇಕು. ಬಾಗಿಲಿಗೆ ಬಂದು ಆ ಮರ ತೋರಿಸಿದರು. ಸಾಧಾರಣ ಮರ, ಕೆಳಗೆ ಎರಡು ಮೇಕೆ ಕಟ್ಟಿತ್ತು.

ನಾನು ಅವತ್ತು ರಾತ್ರಿ ಅತ್ತೆ. ಯಾಕೆ ಅಂತ ಇವರು ಕೇಳಿದರು, ರೂಮಿನಲ್ಲಿ ಕೇಳಬಹುದು ಅಂತ ಇತ್ತಲ್ಲ. ಕೈ ಕೊಡವಿಬಿಡುತ್ತಿದ್ದೆನೇನೋ ಅಂದೆ.

ವಾಪಸ್ ಬರುವಾಗ ಅದೇ ದಾರಿ. ಲೆಂಬಾರ್, ಪಡಂಗ್‌ಬಾಯಿ, ಬಸ್ಸು, ಗಿಲಿಮಾನುಕ್. ಕೊನೆಯ ಹಡಗು ಹತ್ತುವಾಗ ಬಿಸಿಲು ಇಳಿಯುತ್ತಿತ್ತು. ಜಾವಾದ ಕಡೆ ಇಜೆನ್ ಗುಡ್ಡಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಇವರು ಮತ್ತೆ ಕಟಕಟೆಗೆ ಒರಗಿ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿದರು. ಹೋಗುವಾಗ ಕಳೆದಿದ್ದ ಒಂದು ಗಂಟೆ ವಾಪಸ್ ಬಂತು.

ಕೆಟಪಾಂಗಿನಲ್ಲಿ ಇಳಿದು ಸೀದಾ ಆ ಕಟ್ಟೆಯ ಹತ್ತಿರ ಹೋದೆವು. ಗೇಟು ತೆರೆದಿತ್ತು, ಲಾರಿಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು. ಪಕ್ಕದ ಅಂಗಡಿಯ ಬೆಂಚಿನ ಮೇಲೆ ನಾಲ್ಕೈದು ಜನ ಡ್ರೈವರುಗಳು ಮುಂದೆ ಟೀ ಲೋಟ ಇಟ್ಟುಕೊಂಡು, ಮುಟ್ಟದೆ, ಕೂಗಿಗೆ ಕಾಯುತ್ತಿದ್ದರು. ಅಂಗಡಿಯಾತ ನಮಗೂ ಎರಡು ಲೋಟ ತಂದಿಟ್ಟ. ನಾವು ಉಪವಾಸ ಇರಲಿಲ್ಲ, ಆದರೂ ಮುಟ್ಟಲಿಲ್ಲ. ಮಸೀದಿಯಿಂದ ಕೂಗು ಬಂತು. ಎಲ್ಲರೂ ಒಟ್ಟಿಗೆ ಲೋಟ ಎತ್ತಿದೆವು. ತುಂಬಾ ಸಿಹಿ ಟೀ.

"ನೋಡೇ" ಅಂದರು ಇವರು.

ನೀರಿನ ಆಚೆ ಬಾಲಿಯಲ್ಲಿ ಒಂದು ದೀಪ ಹತ್ತಿತ್ತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು.